ಬಾಕಿ ಸಂಬಳ ವಸೂಲಿ ಮಾಡುವುದು ಹೇಗೆ?

ಮೈಸೂರಿನ ಹೂಟಗಳ್ಳಿ ಕೈಗಾರಿಕಾ ಪ್ರದೇಶದ ಶೆಡ್ಡಾಗಲಿ, ಮಂಡ್ಯ ಸೀಮೆಯ ಆಲೆಮನೆಯಾಗಲಿ, ಸಂಬಳ ನಿಂತಾಗ ಸಿಗುವ ಉತ್ತರ ಒಂದೇ: ‘ಮುಂದಿನ ವಾರ ನೋಡೋಣ’. ಆ ಮುಂದಿನ ವಾರಕ್ಕೆ ಕಾನೂನಿನಲ್ಲಿ ಜಾಗವಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಂತೆ ತಿಂಗಳ ಸಂಬಳ ಮರುತಿಂಗಳ 7ನೇ ತಾರೀಖಿನೊಳಗೆ, ವಾರದ ಬಟವಾಡೆ ವಾರದ ರಜೆಗೆ ಮೊದಲು, ದಿನಗೂಲಿ ಪಾಳಿ ಮುಗಿದಾಗಲೇ ಕೈಸೇರಬೇಕು. ಕೆಲಸ ಬಿಟ್ಟರೂ ಬಿಡಿಸಿದರೂ 2 ಕೆಲಸದ ದಿನಗಳಲ್ಲಿ ಲೆಕ್ಕ ಚುಕ್ತಾ.

ಮೊದಲು ಹಣ ಕೊಡಬೇಕಾದವರು ಯಾರೆಂದು ಗೊತ್ತುಮಾಡಿಕೊಳ್ಳಿ. ಮೇಸ್ತ್ರಿ ಕಂಪನಿಯತ್ತ ಕೈ ತೋರಿಸುತ್ತಾನೆ, ಕಂಪನಿ ಮೇಸ್ತ್ರಿಯತ್ತ. ಗುತ್ತಿಗೆದಾರ ಕೈಕೊಟ್ಟರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೂ ಹೊಣೆ. ಹಾಗಾಗಿ ಅರ್ಜಿಯಲ್ಲಿ ಇಬ್ಬರ ಹೆಸರೂ ಇರಲಿ.

ಆಮೇಲೆ ಪುರಾವೆ. ಸಂಬಳ ಕೊಟ್ಟಿದ್ದೇನೆಂದು ತೋರಿಸುವ ಹೊರೆ ಮಾಲೀಕನದೇ. ಆದರೆ ‘ಈತ ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ’ ಎಂದುಬಿಟ್ಟರೆ? ಗುರುತಿನ ಚೀಟಿ, ಪಿಎಫ್ ಪಾಸ್‌ಬುಕ್, ಇಎಸ್‌ಐ ಸಂಖ್ಯೆ, ಖಾತೆಗೆ ಬಿದ್ದ ಹಳೆಯ ಸಂಬಳ ಆಗ ಬಾಯಿ ಮುಚ್ಚಿಸುತ್ತವೆ. ಇವ್ಯಾವೂ ಇಲ್ಲದವರಿಗೆ ಮೇಸ್ತ್ರಿ ಕಳಿಸಿದ ‘ನಾಳೆ ಆರಕ್ಕೆ ಬಾ’ ಎಂಬ ವಾಟ್ಸ್‌ಆ್ಯಪ್ ಸಂದೇಶ, ಫೋನ್‌ಪೇಯಲ್ಲಿ ಬಂದ ಮುಂಗಡ, ಜೊತೆಗೆ ದುಡಿದವರ ಸಾಕ್ಷಿಯೇ ಆಸರೆ. ಫೋನ್ ಕೆಡುವ ಮುಂಚೆ ಪ್ರಿಂಟ್ ತೆಗೆಸಿಡಿ. ದುಡಿದ ದಿನ, ಪಡೆದ ಮುಂಗಡ, ಉಳಿದ ಬಾಕಿಯನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮುಂಗಡ ಮುಚ್ಚಿಡಬೇಡಿ, ಅದು ಹೊರಬಿದ್ದರೆ ಉಳಿದ ಲೆಕ್ಕವನ್ನೂ ಯಾರೂ ನಂಬುವುದಿಲ್ಲ.

ಆ ಲೆಕ್ಕವನ್ನು ಗಡುವು ಹಾಕಿ ಸ್ಪೀಡ್ ಪೋಸ್ಟ್‌ನಲ್ಲಿ ಮಾಲೀಕನಿಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ. ‘ಪೂರ್ತಿ ಸಂದಾಯವಾಗಿದೆ’ ಎಂಬ ಚೀಟಿ ಮುಂದಿಟ್ಟರೆ ಹಣ ಎಣಿಸಿಕೊಳ್ಳದೆ ಸಹಿ ಬೇಡ.

ಮಣಿಯದಿದ್ದರೆ ಮೈಸೂರು ಅಥವಾ ಮಂಡ್ಯದ ಕಾರ್ಮಿಕ ಇಲಾಖೆ ಕಚೇರಿಗೆ ದೂರು ಕೊಟ್ಟು, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಅಧಿಕಾರಿ ಇಬ್ಬರನ್ನೂ ಕರೆಸಿದಾಗ ಅಲ್ಲೇ ರಾಜಿಯಾದರೆ ಒಳ್ಳೆಯದೇ, ಆದರೆ ಮೊತ್ತವೂ ಕೊಡುವ ತಾರೀಖೂ ಬರವಣಿಗೆಯಲ್ಲಿರಲಿ. ಆಗದಿದ್ದರೆ ವೇತನ ಪ್ರಾಧಿಕಾರಿಯ, ಅಂದರೆ ಸಂಬಳದ ತಕರಾರು ತೀರ್ಮಾನಿಸುವ ಸರ್ಕಾರಿ ಅಧಿಕಾರಿಯ ಮುಂದೆ ಕ್ಲೇಮು ಹಾಕಬೇಕು. ಗಡುವು 3 ವರ್ಷ. ಎಷ್ಟು ಜನ ಬೇಕಾದರೂ ಸೇರಿ ಒಂದೇ ಅರ್ಜಿ ಕೊಡಬಹುದು, ಸಂಘವೂ ಕೊಡಬಹುದು; ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳಿಗೆ ಇದೇ ವಾಸಿ, ಒಬ್ಬಳೇ ಮುಂದೆ ಬಿದ್ದು ಕಣ್ಣಿಗೆ ಗುರಿಯಾಗುವುದು ತಪ್ಪುತ್ತದೆ. ಬಾಕಿಯ ಮೇಲೆ ಅದರ 10 ಪಟ್ಟಿನವರೆಗೂ ಪರಿಹಾರ ಕೊಡಿಸುವ ಅಧಿಕಾರ ಪ್ರಾಧಿಕಾರಿಗಿದೆ. ಅದು ಮೇಲ್ಮಿತಿ, ಅಷ್ಟೂ ಬರುತ್ತದೆಂದು ಸಾಲ ಮಾಡಬೇಡಿ.

ವಕೀಲರಿಗೆ ದುಡ್ಡಿಲ್ಲವೇ? 15100ಕ್ಕೆ ಕರೆ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಕೈಗಾರಿಕಾ ಕಾರ್ಮಿಕರಿಗೆ ಉಚಿತ ಕಾನೂನು ನೆರವು ಸಿಗುತ್ತದೆ.

ಆದೇಶವಾದ ಮೇಲೂ ಹಣ ಕಟ್ಟದಿದ್ದರೆ ಪ್ರಾಧಿಕಾರಿ ವಸೂಲಿ ಪತ್ರವನ್ನು ಜಿಲ್ಲಾಧಿಕಾರಿಗೆ ಕಳಿಸುತ್ತಾರೆ. ಭೂಕಂದಾಯದ ಬಾಕಿಯಂತೆ ವಸೂಲಿಯಾಗುತ್ತದೆ. ಮಾಲೀಕನ ಜಮೀನು, ಕಟ್ಟಡ ಎಲ್ಲಿದೆಯೆಂದು ಗೊತ್ತಿದ್ದರೆ ಆ ವಿವರವನ್ನೂ ಕೊಡಿ.