ಕಲ್ಪಿತ ರಾಜ್ಯವೊಂದರಲ್ಲಿ ಪ್ರೇತವಿದ್ಯೆಯನ್ನು ನಿಷೇಧಿಸುವುದು ಹೇಗೆ

ಮಂತ್ರವಿದ್ಯೆಯೂ ಅರಸೊತ್ತಿಗೆಯೂ ಇರುವ ಕಲ್ಪಿತ ಲೋಕವನ್ನು ಕಟ್ಟುವ ಬರಹಗಾರರು ಒಂದೇ ಸಾಲಿನಲ್ಲಿ ಮುಗಿಸಿಬಿಡುವ ಸಂಗತಿಗಳಲ್ಲಿ ಪ್ರೇತವಿದ್ಯೆಯ ನಿಷೇಧವೂ ಒಂದು. ಸತ್ತವರನ್ನು ಎಬ್ಬಿಸುವುದು ಮಹಾಪಾಪ, ಆದ್ದರಿಂದ ಅದಕ್ಕೆ ಮರಣದಂಡನೆ ಎಂದು ಬರೆದು ಮುಂದಿನ ಅಧ್ಯಾಯಕ್ಕೆ ಹೋಗುತ್ತಾರೆ. ಆದರೆ ಪಾಪವೆಂದು ಊರೆಲ್ಲ ಒಪ್ಪಿಕೊಂಡ ಎಷ್ಟೋ ಕೆಲಸಗಳನ್ನು ತಡೆಯಲು ಯಾವ ಅರಸನೂ ಶಾಸನ ಹೊರಡಿಸಿಲ್ಲ. ಶಾಸನ ಹುಟ್ಟುವುದು ಯಾರಿಗಾದರೂ ನಷ್ಟವಾದಾಗ ಮತ್ತು ನಷ್ಟವಾದವರ ದೂರು ಅರಮನೆಯವರೆಗೆ ತಲುಪಿದಾಗ. ಹೆಣ ಎದ್ದು ನಡೆದರೆ ಯಾರ ಗಂಟು ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ನಿಷೇಧದ ಮಾತುಗಳು, ಅದರ ಶಿಕ್ಷೆ, ಅದರಲ್ಲಿನ ಕಂಡಿಗಳು ಎಲ್ಲವೂ ಆ ಉತ್ತರದಿಂದಲೇ ಹೊರಡುತ್ತವೆ.

ವಿದ್ಯೆಗೆ ಎಷ್ಟು ಶಕ್ತಿಯಿದೆ ಎಂಬುದನ್ನು ಮೊದಲು ನಿಷ್ಕರ್ಷಿಸಿಕೊಳ್ಳಿ. ಸತ್ತವರನ್ನು ಕರೆಸಿ ಮಾತನಾಡಿಸುವುದು ಒಂದು ಬಗೆ. ಆತ್ಮವಿಲ್ಲದ ಬರಿಯ ದೇಹವನ್ನು ದುಡಿಸಿಕೊಳ್ಳುವುದು ಇನ್ನೊಂದು. ಸತ್ತ ಮನುಷ್ಯನನ್ನೇ ಮರಳಿ ಬದುಕಿಸುವುದು ಮತ್ತೊಂದು. ಈ ಮೂರನ್ನೂ ಒಂದೇ ಹೆಸರಿನಡಿ ಕಲಸಿಬಿಟ್ಟರೆ ನಿಷೇಧದ ಕಾರಣವೂ ಕಲಸಿಹೋಗುತ್ತದೆ. ಮೊದಲನೆಯದಕ್ಕೆ ಹೆದರುವವರು ರಹಸ್ಯ ಉಳ್ಳವರು, ಎರಡನೆಯದಕ್ಕೆ ಹೆದರುವವರು ಕೂಲಿಕಾರರು, ಮೂರನೆಯದಕ್ಕೆ ಹೆದರುವವರು ವಾರಸುದಾರರು.

ಮಾತನಾಡಿಸುವ ವಿದ್ಯೆಯಿಂದ ಅಧಿಕಾರಕ್ಕೆ ಬರುವ ಅಪಾಯವನ್ನು ತಿಳಿಯಲು ರೋಮ್ ಸಾಮ್ರಾಜ್ಯವನ್ನು ನೋಡಬಹುದು. ಕ್ರಿ.ಶ. 11ರಲ್ಲಿ ಸಾಮ್ರಾಟ ಅಗಸ್ಟಸ್ ಹೊರಡಿಸಿದ ಆಜ್ಞೆಯಂತೆ ಭವಿಷ್ಯ ಹೇಳುವವರು ಯಾರಿಗೂ ಏಕಾಂತದಲ್ಲಿ ಭವಿಷ್ಯ ಹೇಳುವಂತಿರಲಿಲ್ಲ; ಸಾವಿನ ವಿಷಯವನ್ನಂತೂ ಸಾಕ್ಷಿಗಳ ಎದುರಿನಲ್ಲಿಯೂ ನುಡಿಯುವಂತಿರಲಿಲ್ಲ. ಸಾಮ್ರಾಟ ಯಾವಾಗ ಸಾಯುತ್ತಾನೆಂದು ಒಬ್ಬನಿಗೆ ಗೊತ್ತಾದರೆ, ಅಥವಾ ಗೊತ್ತಾಯಿತೆಂದು ಅವನು ನಂಬಿದರೆ, ಅಲ್ಲಿಂದ ಒಳಸಂಚಿಗೆ ಹೆಚ್ಚು ದೂರವಿಲ್ಲ ಎಂಬುದೇ ಆಜ್ಞೆಯ ಹಿಂದಿನ ಲೆಕ್ಕ. ಐದು ವರ್ಷಗಳ ನಂತರ, ತಿಬೇರಿಯಸನ ಆಳ್ವಿಕೆಯಲ್ಲಿ, ಲಿಬೋ ಡ್ರೂಸಸ್ ಎಂಬ ಶ್ರೀಮಂತ ಮನೆತನದ ಯುವಕನ ಮೇಲೆ ರಾಜದ್ರೋಹದ ಆರೋಪ ಬಂತು. ಮಂತ್ರ ಹಾಕಿ ಸತ್ತವರ ನೆರಳುಗಳನ್ನು ಎಬ್ಬಿಸಿಕೊಡಬೇಕೆಂದು ಅವನು ಕೇಳಿಕೊಂಡಿದ್ದ ವ್ಯಕ್ತಿಯೇ ಹೋಗಿ ಸುದ್ದಿ ಮುಟ್ಟಿಸಿದ್ದ. ವಿಚಾರಣೆ ಮುಗಿಯುವ ಮೊದಲೇ ಲಿಬೋ ಆತ್ಮಹತ್ಯೆ ಮಾಡಿಕೊಂಡನು. ಜ್ಯೋತಿಷಿಗಳನ್ನೂ ಮಾಂತ್ರಿಕರನ್ನೂ ಇಟಲಿಯಿಂದ ಹೊರಹಾಕಲು ಸೆನೆಟ್ ನಿರ್ಣಯಿಸಿತು. ನಿಮ್ಮ ಲೋಕದಲ್ಲಿ ಸತ್ತವರು ನಿಜವಾಗಿಯೂ ಮಾತನಾಡುವುದಾದರೆ ಈ ಭಯಕ್ಕೆ ಇನ್ನೂ ಗಟ್ಟಿಯಾದ ನೆಲೆಯಿರುತ್ತದೆ. ವಿಷವಿಕ್ಕಿಸಿ ಕೊಂದ ಅಣ್ಣನನ್ನು ಯಾರಾದರೂ ಮಾತನಾಡಿಸಿಬಿಟ್ಟರೆ ಸಿಂಹಾಸನದ ಮೇಲಿರುವ ತಮ್ಮನ ಗತಿಯೇನು? ಅಂಥ ಅರಸನು ಪ್ರೇತವಿದ್ಯೆಯನ್ನು ಧರ್ಮದ ಹೆಸರಿನಲ್ಲಿಯೇ ನಿಷೇಧಿಸುತ್ತಾನೆ, ಮತ್ತು ಪುರೋಹಿತರಿಗೂ ಅದು ಒಪ್ಪಿಗೆಯಾಗುತ್ತದೆ.

ದೇಹವನ್ನು ದುಡಿಸುವ ವಿದ್ಯೆಯ ಮೇಲೆ ಹೆಚ್ಚು ಹೊತ್ತು ನಿಲ್ಲುವುದು ಒಳ್ಳೆಯದು, ಏಕೆಂದರೆ ಕಥೆಗಾರರು ಇದನ್ನು ಯುದ್ಧಕ್ಕೆ ಮಾತ್ರ ಬಳಸಿ ಇದರ ಹೊಟ್ಟೆಪಾಡಿನ ಮುಖವನ್ನು ಮರೆಯುತ್ತಾರೆ. ಹೈಟಿ ದೇಶದ ಜೊಂಬಿಯ, ಅಂದರೆ ಎಬ್ಬಿಸಿ ದುಡಿಸಿಕೊಳ್ಳುವ ಹೆಣದ, ಕಲ್ಪನೆ ಕಬ್ಬಿನ ತೋಟಗಳ ಗುಲಾಮಗಿರಿಯೊಂದಿಗೆ ಹೆಣೆದುಕೊಂಡದ್ದು. ಸಾವು ಬಂದರೆ ಬಿಡುಗಡೆಯೆಂದು ಭಾವಿಸಿದ್ದ ಗುಲಾಮನಿಗೆ ಸತ್ತ ಮೇಲೂ ದುಡಿಯಬೇಕಾಗುವುದಕ್ಕಿಂತ ದೊಡ್ಡ ನರಕ ಯಾವುದಿತ್ತು? ಆ ಜೊಂಬಿ ಯಾರನ್ನೂ ಕಚ್ಚುವುದಿಲ್ಲ, ತಲೆ ತಗ್ಗಿಸಿ ಕೆಲಸ ಮಾಡುತ್ತದೆ. ಉಪ್ಪು ನಾಲಗೆಗೆ ತಾಗಿದರೆ ಅದಕ್ಕೆ ಎಚ್ಚರವಾಗುತ್ತದೆ ಎಂಬುದು ಅಲ್ಲಿನ ನಂಬಿಕೆ. ಆ ದೇಶದ ದಂಡಸಂಹಿತೆಗೆ 1864ರಲ್ಲಿ ಆದ ತಿದ್ದುಪಡಿಯು, ಮದ್ದು ಹಾಕಿ ಒಬ್ಬನನ್ನು ಸಾಯಿಸದೆ ಸತ್ತಂತೆ ಮಾಡುವುದನ್ನು ವಿಷಪ್ರಾಶನದ ಸಾಲಿಗೆ ಸೇರಿಸಿತು. ಆ ಸ್ಥಿತಿಯಲ್ಲಿ ಅವನನ್ನು ಹೂಳಿದ್ದರೆ, ಆಮೇಲೆ ಏನೇ ಆಗಿರಲಿ, ಅದು ಕೊಲೆ ಎಂದಿತು. ಈ ವಿಧಿಯಲ್ಲಿ ಮಂತ್ರದ ಮಾತೇ ಇಲ್ಲದಿರುವುದನ್ನು ಗಮನಿಸಿ. ಶಾಸನ ಬರೆದವರು ವಿದ್ಯೆಯ ಸತ್ಯಾಸತ್ಯದ ಗೊಡವೆಗೆ ಹೋಗದೆ, ಕೈಗೆ ಸಿಗುವ ಕೃತ್ಯವನ್ನು ಹಿಡಿದರು.

ಹೆಣಕ್ಕೆ ಬೆಲೆ ಬಂದಾಗ ಜೀವಂತ ಮನುಷ್ಯನ ಪಾಡೇನಾಗುತ್ತದೆ ಎಂಬುದಕ್ಕೆ ಮಂತ್ರತಂತ್ರವಿಲ್ಲದ ಉದಾಹರಣೆಯೊಂದಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ಅಂಗರಚನಾ ಶಾಲೆಗಳಿಗೆ ಛೇದನಕ್ಕಾಗಿ ಬೇಕಾದಷ್ಟು ಹೆಣಗಳು ಕಾನೂನಿನ ದಾರಿಯಲ್ಲಿ ಸಿಗುತ್ತಿರಲಿಲ್ಲ. ಹೆಣ ಯಾರ ಆಸ್ತಿಯೂ ಅಲ್ಲವೆಂಬುದು ಆಗಿನ ಇಂಗ್ಲಿಷ್ ಕಾನೂನಿನ ನಿಲುವಾಗಿದ್ದುದರಿಂದ, ಗೋರಿ ಅಗೆಯುವ ಕಳ್ಳರು ಹೆಣವನ್ನು ಬೆತ್ತಲೆ ಮಾಡಿ ಹೊದಿಕೆಯ ಬಟ್ಟೆಯನ್ನು ಜೋಪಾನವಾಗಿ ಗೋರಿಯೊಳಗೇ ಇಟ್ಟು ಹೋಗುತ್ತಿದ್ದರು. ಬಟ್ಟೆ ಕದ್ದರೆ ಮಾತ್ರ ದೊಡ್ಡ ಕಳ್ಳತನವಾಗುತ್ತಿತ್ತು. ಸ್ಕಾಟ್ಲೆಂಡಿನ ಸ್ಥಿತಿವಂತರು ಗೋರಿಗಳ ಮೇಲೆ ಕಬ್ಬಿಣದ ಪಂಜರ ಕೂರಿಸಿದರು. ಸ್ಮಶಾನಗಳಲ್ಲಿ ಕಾವಲು ಗೋಪುರಗಳು ಎದ್ದವು. ಎಡಿನ್‌ಬರೋ ನಗರದಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು ತಾನಾಗಿ ಸತ್ತ ಬಾಡಿಗೆದಾರನ ಹೆಣವನ್ನು ಏಳೂವರೆ ಪೌಂಡಿಗೆ ಮಾರಿ ರುಚಿ ಕಂಡ ಮೇಲೆ, ಅಗೆಯುವ ಶ್ರಮವೇಕೆಂದು 1828ರಲ್ಲಿ 16 ಜನರನ್ನು ಕೊಂದು ಹೆಣಗಳನ್ನು ಮಾರಿದರು. ಇದರ ಬೆನ್ನಿಗೆ ಬಂದ 1832ರ ಕಾಯ್ದೆಯು ವಾರಸುದಾರರಿಲ್ಲದ ಹೆಣಗಳನ್ನು, ಅಂದರೆ ಬಹುಪಾಲು ಬಡವರ ಆಶ್ರಯಮನೆಗಳಲ್ಲಿ ಸತ್ತವರ ಹೆಣಗಳನ್ನು, ಶಾಲೆಗಳಿಗೆ ಕೊಡಲು ದಾರಿ ಮಾಡಿತು. ಶ್ರೀಮಂತರ ಗೋರಿಗಳು ಸುರಕ್ಷಿತವಾದವು, ಬಡವರ ದೇಹಗಳು ಕಾನೂನುಬದ್ಧ ಸರಕಾದವು. ನಿಮ್ಮ ರಾಜ್ಯದ ನಿಷೇಧದಲ್ಲಿಯೂ ಇಂಥ ವಿನಾಯಿತಿಯೊಂದನ್ನು ಇಡಿ. ಸಾಲ ತೀರಿಸದೆ ಸತ್ತವರು, ಗಲ್ಲಿಗೇರಿದವರು, ಯುದ್ಧಕೈದಿಗಳು, ಹೀಗೆ ಯಾರ ಹೆಣಕ್ಕೆ ರಕ್ಷಣೆಯಿಲ್ಲವೋ ಅವರನ್ನು ನೋಡಿದರೆ ಆ ಸಮಾಜದ ಮೆಟ್ಟಿಲುಗಳು ಓದುಗನಿಗೆ ಕಾಣುತ್ತವೆ.

ಮೂರನೆಯ ಬಗೆಗೆ, ಪೂರ್ತಿ ಬದುಕಿಸುವ ವಿದ್ಯೆಗೆ, ನಮ್ಮವರೆಲ್ಲ ಬಲ್ಲ ಕಥೆ ಮಹಾಭಾರತದ ಕಚ ಮತ್ತು ಶುಕ್ರಾಚಾರ್ಯರದು. ಯುದ್ಧದಲ್ಲಿ ಸತ್ತ ಅಸುರರನ್ನು ಶುಕ್ರನು ಮೃತಸಂಜೀವಿನಿಯಿಂದ ಎಬ್ಬಿಸುತ್ತಿದ್ದನು. ದೇವತೆಗಳ ಕಡೆ ಸತ್ತವರು ಸತ್ತೇಹೋಗುತ್ತಿದ್ದರು. ವಿದ್ಯೆ ಕಲಿಯಲು ಬಂದ ಬೃಹಸ್ಪತಿಯ ಮಗ ಕಚನನ್ನು ಅಸುರರು ಕೊಂದು, ಸುಟ್ಟು, ಬೂದಿಯನ್ನು ಸುರೆಯಲ್ಲಿ ಕಲಸಿ ಗುರುವಿಗೇ ಕುಡಿಸಿದರು. ಹೊಟ್ಟೆಯೊಳಗಿನ ಶಿಷ್ಯನಿಗೆ ಮಂತ್ರ ಹೇಳಿಕೊಟ್ಟು, ಅವನು ಹೊಟ್ಟೆ ಸೀಳಿ ಹೊರಬಂದು ತನ್ನನ್ನು ಬದುಕಿಸುವಂತೆ ಮಾಡಬೇಕಾದ ಸಂಕಟ ಶುಕ್ರನಿಗೆ ಬಂತು. ಇಷ್ಟಾದ ಮೇಲೆ ಶುಕ್ರನು ನಿಷೇಧಿಸಿದ್ದು ಸಂಜೀವಿನಿಯನ್ನಲ್ಲ. ಇನ್ನು ಮುಂದೆ ಸುರೆ ಕುಡಿದ ಬ್ರಾಹ್ಮಣನಿಗೆ ಬ್ರಹ್ಮಹತ್ಯೆಯ ದೋಷ ಬರಲಿ ಎಂದು ಕಟ್ಟಳೆ ಹಾಕಿದನು. ವಿದ್ಯೆ ಕೈಯಲ್ಲಿರುವವರು ವಿದ್ಯೆಯನ್ನು ಬಿಟ್ಟು ಪಕ್ಕದ ಏನನ್ನೋ ನಿಷೇಧಿಸುತ್ತಾರೆಂಬ ಈ ಒಳನೋಟ, ನನ್ನ ಅಭಿಪ್ರಾಯದಲ್ಲಿ, ಕಲ್ಪಿತ ಲೋಕ ಕಟ್ಟುವವರಿಗೆ ಬೇಕಾದ ಅತ್ಯುತ್ತಮ ಪಾಠಗಳಲ್ಲೊಂದು. ವಿದ್ಯೆ ಎದುರಾಳಿಯ ಕೈಗೂ ದಾಟಿದ ಬಳಿಕವೇ ಅದನ್ನು ಪೂರ್ತಿ ನಿಷೇಧಿಸುವ ಒಪ್ಪಂದಕ್ಕೆ ಎರಡೂ ಕಡೆಯವರು ಕೂರುತ್ತಾರೆ ಎಂದು ನೀವು ಕಥೆಯನ್ನು ಮುಂದುವರಿಸಬಹುದು.

ವಾರಸಿಕೆಯ ತೊಡಕುಗಳಿಗೆ ಕನ್ನಡ ನಾಡಿನ ವೀರಗಲ್ಲುಗಳಿಂದಲೇ ಸಾಮಗ್ರಿ ಪಡೆಯಬಹುದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಮೇಲಕ್ಕೆ ಒಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ ಇರುವ ಈ ಕಲ್ಲುಗಳು ಸತ್ತವನಿಗೆ ಸ್ವರ್ಗ ಸಿಕ್ಕಿತೆಂದು ಊರಿಗೆಲ್ಲ ಸಾರುತ್ತವೆ. ಇತ್ತ ಅವನ ಮನೆಯವರಿಗೆ ನೆತ್ತರುಗೊಡಗೆ ಎಂದು ಭೂಮಿ ದತ್ತಿ ಸಿಗುತ್ತಿತ್ತು. ಇಂಥ ವ್ಯವಸ್ಥೆಯಿರುವ ರಾಜ್ಯದಲ್ಲಿ ಸತ್ತ ಭಟನನ್ನು ಎಬ್ಬಿಸಿ ಮತ್ತೆ ಕಾಳಗಕ್ಕೆ ನಿಲ್ಲಿಸಿದರೆ ಏನಾಗುತ್ತದೆ ಎಂದು ಯೋಚಿಸಿ. ಅಪ್ಸರೆಯರು ಒಯ್ದವನು ಊರಬಾಗಿಲಲ್ಲಿ ನಿಂತಿದ್ದರೆ ಕಲ್ಲು ಸುಳ್ಳಾಗುತ್ತದೆ. ಅವನು ಬದುಕಿದ್ದಾನೆಂದು ಲೆಕ್ಕವಿಟ್ಟರೆ ದತ್ತಿ ಕೊಟ್ಟ ಗದ್ದೆಯನ್ನು ಕರಣಿಕ ಹಿಂದಕ್ಕೆ ಬರೆದುಕೊಳ್ಳಬೇಕು. ಸತ್ತಿದ್ದಾನೆಂದು ಲೆಕ್ಕವಿಟ್ಟರೆ ಅವನ ಸಂಬಳ ಕೇಳುವವರು ಯಾರು? ಎಲ್ಲಕ್ಕಿಂತ ಮಿಗಿಲಾಗಿ, ಸತ್ತರೆ ಸ್ವರ್ಗವೆಂಬ ಅರಸನ ಮಾತಿಗೆ ಬೆಲೆ ಹೋದ ಮೇಲೆ ಮುಂದಿನ ಯುದ್ಧಕ್ಕೆ ಯಾರೂ ಮನಸ್ಸಿಟ್ಟು ಹೊರಡುವುದಿಲ್ಲ. ಇಲ್ಲಿ ನಿಷೇಧಕ್ಕೆ ಪಟ್ಟು ಹಿಡಿಯುವವನು ಸೇನಾಪತಿಯೇ ಆಗುತ್ತಾನೆ, ಮತ್ತು ಅವನಿಗೆ ಅದರಲ್ಲಿ ಕರುಣೆಯ ಸೋಂಕೂ ಇರಬೇಕಾಗಿಲ್ಲ.

ಅಂತ್ಯಸಂಸ್ಕಾರದ ಪದ್ಧತಿಯನ್ನು ನಿರ್ಧರಿಸದೆ ಶಾಸನ ಬರೆಯಲು ಕೂರಬೇಡಿ. ಸುಡುವವರ ನಾಡಿನಲ್ಲಿ ಮಾಂತ್ರಿಕನಿಗೆ ಸಿಗುವುದು ಉಸಿರು ನಿಂತ ಗಳಿಗೆಯಿಂದ ಚಿತೆಗೆ ಬೆಂಕಿ ಇಡುವವರೆಗಿನ ಸಮಯ ಮಾತ್ರ. ಅಲ್ಲಿನ ಶಾಸನ ಹೆಣ ಕಾಯುವ ರಾತ್ರಿಯ ಬಗ್ಗೆ, ಕಾಯುವವರು ಎಷ್ಟು ಜನರಿರಬೇಕೆಂಬ ಬಗ್ಗೆ ಮಾತನಾಡುತ್ತದೆ. ಹೂಳುವವರ ನಾಡಿನಲ್ಲಿ ಅಪಾಯ ವರ್ಷಗಟ್ಟಲೆ ಮಣ್ಣಿನಡಿ ಇರುತ್ತದೆ. ನಮ್ಮ ಹಳ್ಳಿಗಳಂತೆ, ಲಿಂಗಾಯತರು ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವ, ಪಕ್ಕದ ಕೇರಿಯವರು ಸುಡುವ ಊರನ್ನು ಕಲ್ಪಿಸಿಕೊಂಡರೆ ಒಂದೇ ಶಾಸನ ಇಬ್ಬರಿಗೂ ಹೊಂದುವುದಿಲ್ಲ, ಮತ್ತು ಎಲ್ಲರೂ ಸುಡಲೇಬೇಕೆಂಬ ಆಜ್ಞೆ ಹೊರಟ ದಿನ ಪ್ರೇತವಿದ್ಯೆಯ ನಿಷೇಧ ಮತದ ಜಗಳವಾಗಿ ಮಾರ್ಪಡುತ್ತದೆ.

ಈಗ ಶಾಸನವನ್ನು ನಿಜವಾಗಿ ಬರೆಯಿರಿ. ಕಥೆಯಲ್ಲಿ ಅದು ಪೂರ್ತಿ ಬಾರದಿದ್ದರೂ ಪರವಾಗಿಲ್ಲ. ಕರಾವಳಿಯ ರಾಜ್ಯವೊಂದರಲ್ಲಿ ಉಪ್ಪಿನ ಆಗರಗಳ ಒಡೆಯರು ಹೆಣಗಳನ್ನು ದುಡಿಸಲು ತೊಡಗಿ, ಕೂಲಿಯವರು ದಂಗೆ ಎದ್ದು, ಅರಸನು ಮಣಿದನೆಂದು ಇಟ್ಟುಕೊಳ್ಳೋಣ. ಶಾಸನ ಹೀಗಿರಬಹುದು: “ಆಗರದಲ್ಲಿ ನಿಂತ ಪ್ರತಿ ಆಳಿನ ಉಸಿರನ್ನು ಬೆಳಗಿನ ಜಾವ ಕನ್ನಡಿಯಲ್ಲಿ ತೋರಿಸತಕ್ಕದ್ದು. ಉಸಿರು ತೋರಿಸಲಾಗದ ಆಳೊಂದಕ್ಕೆ ಒಡೆಯನು ಜೀವಂತ ಆಳಿನ ಮೂರು ವರ್ಷದ ಕೂಲಿಯನ್ನು ತೆರತಕ್ಕದ್ದು. ಅರಮನೆಯ ಆಗರಕ್ಕೆ ಈ ಕಟ್ಟಳೆ ಸಲ್ಲದು.” ಮಂತ್ರ, ಪಾಪ, ದೇವರು ಎಂಬ ಮಾತು ಇಲ್ಲೆಲ್ಲಿಯೂ ಇಲ್ಲ, ಆದರೂ ದಂಗೆಯ ಕಾರಣ, ಅಧಿಕಾರಿಯ ಕೆಲಸ, ಅರಸನ ಕಪಟ ಮೂರೂ ಇವೆ. ನಸುಕಿನಲ್ಲಿ ಸಾಲಾಗಿ ನಿಂತವರ ಮೂಗಿನ ಕೆಳಗೆ ಕಂಚಿನ ಕನ್ನಡಿ ಹಿಡಿದು, ಮಂಜು ಕಟ್ಟಿತೋ ಇಲ್ಲವೋ ಎಂದು ನೋಡಿ, ಒರೆಸಿ, ಮುಂದಿನವನ ಬಳಿಗೆ ಹೋಗುವ ಕಿರಿಯ ಅಧಿಕಾರಿ ಈ ಒಂದು ವಾಕ್ಯದಿಂದಲೇ ಹುಟ್ಟಿಕೊಂಡನು. ಕಡಲ ತೀರದ ಬೇಸಿಗೆಯ ಧಗೆಯಲ್ಲಿ ಕನ್ನಡಿಗೆ ಮಂಜು ಕಟ್ಟದಿದ್ದರೆ ಜೀವಂತ ಮನುಷ್ಯನೇ ಹೆಣವೆಂದು ದಾಖಲಾಗುವ ಸಾಧ್ಯತೆಯೂ ಅವನೊಂದಿಗೆ ಹುಟ್ಟಿತು.

ಶಿಕ್ಷೆಯನ್ನು ಬರೆಯುವಾಗ ಎಚ್ಚರಿಕೆ ಬೇಕು. ಸಾವನ್ನು ಗೆದ್ದ ಮಾಂತ್ರಿಕನಿಗೆ ಮರಣದಂಡನೆ ವಿಧಿಸುವುದು ಎಷ್ಟೋ ಲೋಕಗಳಲ್ಲಿ ನಗೆಪಾಟಲು. ಅವನ ಶಿಷ್ಯನೊಬ್ಬ ಉಳಿದಿದ್ದರೆ ಸಾಕು. ಇಂಗ್ಲೆಂಡಿನ 1604ರ ವಾಮಾಚಾರ ಕಾಯ್ದೆಯು ಗೋರಿಯಿಂದ ಹೆಣವನ್ನಾಗಲಿ, ಅದರ ಚರ್ಮ, ಮೂಳೆಗಳನ್ನಾಗಲಿ ಮಾಟಕ್ಕಾಗಿ ತೆಗೆಯುವುದನ್ನು ಮರಣದಂಡನೆಯ ಅಪರಾಧವಾಗಿಸಿತ್ತು. 1735ರಲ್ಲಿ ಬಂದ ಹೊಸ ಕಾಯ್ದೆ ಅದನ್ನು ರದ್ದುಪಡಿಸಿ, ಅಂಥ ಶಕ್ತಿ ತನಗಿದೆಯೆಂದು ನಟಿಸುವುದನ್ನು ಅಪರಾಧವೆಂದಿತು. ವಿದ್ಯೆ ನಿಜವಾಗಿರುವ ಲೋಕದಲ್ಲಿ ಆಡಳಿತವು ಎರಡನೆಯ ದಾರಿ ಹಿಡಿದರೆ ಸೊಗಸಾದ ಸಂಕಟ ಏರ್ಪಡುತ್ತದೆ: ಆರೋಪಿ ತನ್ನ ಮೇಲಿನ ವಂಚನೆಯ ಆರೋಪವನ್ನು ಅಲ್ಲಗಳೆಯಬೇಕಾದರೆ ನ್ಯಾಯಾಲಯದಲ್ಲಿಯೇ ಹೆಣ ಎಬ್ಬಿಸಿ ತೋರಿಸಬೇಕು.

ಕೊನೆಯದಾಗಿ, ನಿಷೇಧವನ್ನು ಮುರಿಯುವವನನ್ನು ಆರಿಸಿಕೊಳ್ಳಿ. ದುಷ್ಟ ಮಾಂತ್ರಿಕನಿಗಿಂತ ಶಾಸನ ಮಾಡಿದವನೇ ಅದನ್ನು ಮುರಿಯುವುದು ಹೆಚ್ಚು ಫಲವತ್ತಾದ ದಾರಿ. ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಸತ್ತವರನ್ನು ವಿಚಾರಿಸುವವರನ್ನು ದೇಶದಿಂದ ಓಡಿಸಿದ ಅರಸ ಸೌಲನು, ಫಿಲಿಷ್ಟಿಯರ ಸೈನ್ಯ ಎದುರು ನಿಂತಾಗ ದಿಕ್ಕು ತೋಚದೆ, ವೇಷ ಮರೆಸಿಕೊಂಡು ರಾತ್ರಿಯಲ್ಲಿ ಏಂದೋರ್ ಎಂಬ ಊರಿನಲ್ಲಿ ಸತ್ತವರನ್ನು ಎಬ್ಬಿಸಬಲ್ಲ ಹೆಂಗಸಿನ ಮನೆಗೆ ಹೋಗುತ್ತಾನೆ. ಸೌಲನು ಮಾಡಿದ್ದು ಗೊತ್ತಿದ್ದೂ ನನ್ನ ಜೀವಕ್ಕೆ ಉರುಲು ಒಡ್ಡುತ್ತೀಯಾ ಎಂದು ಅವಳು ಅವನನ್ನೇ ಕೇಳುತ್ತಾಳೆ. ಅವಳ ಕರೆಗೆ ಎದ್ದುಬಂದ ಸತ್ತ ಪ್ರವಾದಿ ಸಮುವೇಲನು ಸೋಲನ್ನೂ ಸಾವನ್ನೂ ನುಡಿದ ಮೇಲೆ, ಇಡೀ ದಿನ ಉಪವಾಸವಿದ್ದು ನೆಲಕ್ಕೆ ಬಿದ್ದ ಅರಸನನ್ನು ಎಬ್ಬಿಸಿ, ಮನೆಯ ಕೊಬ್ಬಿದ ಕರುವನ್ನು ಕೊಯ್ದು, ಹಿಟ್ಟು ನಾದಿ ರೊಟ್ಟಿ ಸುಟ್ಟು ಉಣಬಡಿಸುವವಳೂ ಅವಳೇ. ನಿಮ್ಮ ಕಥೆಯಲ್ಲಿ ಇಂಥ ದೃಶ್ಯವನ್ನು ಬರೆಯುವಾಗ ಶಾಸನದ ಇತಿಹಾಸವನ್ನು ಯಾವ ಪಾತ್ರದ ಬಾಯಿಂದಲೂ ಹೇಳಿಸಬೇಡಿ; ಬಾಗಿಲು ತಟ್ಟಿದ ಸದ್ದಿಗೆ ಮನೆಯವಳು ಮೊದಲು ಏನನ್ನು ಬಚ್ಚಿಡುತ್ತಾಳೆ ಎಂಬುದನ್ನು ಬರೆಯಿರಿ.