ಕುಕ್ಕರ್ ಕೂಗಬಾರದು, ಮಗು ಏಳಬಾರದು

ತವರಿನಲ್ಲಿ ಮೂರು ತಿಂಗಳ ಬಾಣಂತನ ಮುಗಿಸಿ ಬೆಂಗಳೂರಿನ ಬಾಡಿಗೆ ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಉಪ್ಪಿಟ್ಟಿಗೆ ಒಗ್ಗರಣೆ ಇಟ್ಟೆ. ಸಾಸಿವೆ ಸಿಡಿಯಿತು, ಮಗು ಅತ್ತಿತು. ಒಲೆ ಆರಿಸಿ ಓಡಿದೆ. ಹಾಲು ಕುಡಿಸಿ, ತೇಗಿಸಿ, ಬಟ್ಟೆ ಬದಲಿಸಿ, ಮಲಗಿಸಿ ಬರುವಷ್ಟರಲ್ಲಿ ನಲವತ್ತು ನಿಮಿಷ. ಬಾಣಲೆಯಲ್ಲಿ ಈರುಳ್ಳಿ ಎಣ್ಣೆ ಕುಡಿದು ಸಪ್ಪಗೆ ಕೂತಿತ್ತು. ಮತ್ತೆ ಒಲೆ ಹಚ್ಚಿ ರವೆ ಸುರಿದೆ. ಮತ್ತೆ ಅಳು. ಆ ದಿನ ಹನ್ನೊಂದೂವರೆಗೆ ನಾನು ತಿಂದದ್ದು ಗಂಟು ಗಂಟಾದ ಉಪ್ಪಿಟ್ಟು.

ಉಪ್ಪಿಟ್ಟು ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಹತ್ತೇ ನಿಮಿಷದ ಕೆಲಸ ನಿಜ, ಆದರೆ ಆ ಹತ್ತು ನಿಮಿಷವೂ ಒಲೆ ಮುಂದೆ ನಿಂತಿರಬೇಕು. ಎಳೆ ಮಗು ಇರುವ ಮನೆಯಲ್ಲಿ ಆ ಹತ್ತು ನಿಮಿಷದ್ದೇ ಬರ. ಅದಕ್ಕೇ ಈಗ ನಾನು ಅಡುಗೆ ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಅರ್ಧಕ್ಕೆ ಬಿಟ್ಟು ಹೋದರೆ ಇದು ಕೆಡುತ್ತದಾ? ಕೆಡುತ್ತದೆ ಅಂದರೆ ಅದು ಭಾನುವಾರದ ಅಡುಗೆ. ದೋಸೆ, ಚಪಾತಿ, ಉಪ್ಪಿಟ್ಟು ಎಲ್ಲಾ ಆ ಪಟ್ಟಿಗೆ. ಹಾಲು ಕಾಯಿಸುವುದಂತೂ ಮನೆಯವರ ಪಾಲಿಗೆ. ನಾನು ಇಟ್ಟ ಹಾಲು ಉಕ್ಕದೇ ಇದ್ದ ದಿನ ನನಗೆ ನೆನಪಿಲ್ಲ.

ಮೊದಲು ಹೊಟ್ಟೆಯ ಲೆಕ್ಕ

ಹುಟ್ಟಿದ ಮಗು ಮೊದಲ ವಾರಗಳಲ್ಲಿ ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಆರು ತಿಂಗಳವರೆಗೆ ಮಗುವಿಗೆ ತಾಯಿ ಹಾಲು ಮಾತ್ರ ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಷ್ಟು ಹಾಲು ಬರಬೇಕಲ್ಲ? ಈ ಆರು ತಿಂಗಳು ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲರಿ ಜಾಸ್ತಿ ಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕ ಹೇಳುತ್ತದೆ. ಅಂದರೆ ಹೆಚ್ಚುಕಡಿಮೆ ಇನ್ನೊಂದು ಹೊತ್ತಿನ ಊಟ. ನಾವು ಮಾಡುವುದು ತದ್ವಿರುದ್ಧ. ಮಗುವಿನ ಗಲಾಟೆಯಲ್ಲಿ ಇರುವ ಒಂದು ಹೊತ್ತನ್ನೂ ಬಿಟ್ಟುಬಿಡುತ್ತೇವೆ.

ನೀರಿನ ವಿಷಯದಲ್ಲಿ ನನಗೂ ಅಜ್ಜಿಗೂ ಜಗಳವೇ ಆಯಿತು. ಬಾಣಂತಿ ಜಾಸ್ತಿ ನೀರು ಕುಡಿದರೆ ಹೊಟ್ಟೆ ದಪ್ಪ ಆಗುತ್ತದೆ ಅಂತ ಅಜ್ಜಿ. ಬಾಯಾರಿದಷ್ಟೂ ಕುಡಿಯಿರಿ ಅಂತ ಡಾಕ್ಟರು. ನಾನು ಡಾಕ್ಟರ ಕಡೆ ನಿಂತೆ. ಹಾಲು ಕುಡಿಸುವ ಜಾಗದಲ್ಲಿ ಕೈಗೆ ಸಿಗುವಂತೆ ಒಂದು ಚೊಂಬು ನೀರು ಇಟ್ಟುಕೊಳ್ಳಿ. ಮಗು ಬಾಯಿ ಹಾಕಿದ ಕೂಡಲೇ ಗಂಟಲು ಒಣಗುತ್ತದೆ, ನೋಡಿ ಬೇಕಾದರೆ.

ಇನ್ನು ಕಬ್ಬಿಣದ ಮಾತ್ರೆ. ಹೆರಿಗೆಯ ನಂತರವೂ 180 ದಿನ, ದಿನಕ್ಕೊಂದು ಎನ್ನುವುದು ಸರ್ಕಾರದ ನಿಯಮ. ಕಾಫಿ, ಟೀ ಜೊತೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಊಟವಾದ ಮೇಲೆ ನಿಂಬೆ ಶರಬತ್ತಿನ ಜೊತೆ ತೆಗೆದುಕೊಂಡರೆ ಒಳ್ಳೆಯದು. ಕಾಫಿ ಬಿಡಿ ಅಂತ ಹೇಳುವಷ್ಟು ಧೈರ್ಯ ನನಗಿಲ್ಲ, ಒಂದೆರಡು ಗಂಟೆ ಆಚೆ ಇಡಿ ಸಾಕು.

ಒಂದು ಪುಡಿ, ಹದಿನೈದು ದಿನ

ಮನೆಯವರು ಮಗುವನ್ನು ಎತ್ತಿಕೊಂಡು ತಾರಸಿಗೆ ಹೋಗುವ ಅರ್ಧ ಗಂಟೆ ಇದೆಯಲ್ಲ, ಅದೇ ಪುಡಿ ಮಾಡುವ ಮುಹೂರ್ತ. ಮಿಕ್ಸಿ ಸದ್ದಿಗೆ ಎಚ್ಚರ ಆಗುವವರು ಯಾರೂ ಇರುವುದಿಲ್ಲ. ಜೀರಿಗೆ 4 ಚಮಚ, ಕಾಳುಮೆಣಸು 2 ಚಮಚ, ತೊಗರಿಬೇಳೆ 3 ಚಮಚ, ಒಂದು ಹಿಡಿ ಕರಿಬೇವು. ಒಂದೊಂದನ್ನೇ ಸಣ್ಣ ಉರಿಯಲ್ಲಿ ಹುರಿಯಿರಿ. ಕರಿಬೇವು ಗರಿಗರಿ ಆಗಲೇಬೇಕು, ಇಲ್ಲದಿದ್ದರೆ ಪುಡಿ ಬೂಸ್ಟು ಹಿಡಿಯುತ್ತದೆ. ಆರಿದ ಮೇಲೆ ಪುಡಿ ಮಾಡಿ ಗಾಜಿನ ಬಾಟಲಿಗೆ ತುಂಬಿ.

ಇನ್ನು ಸಾರು ಬೇಕಾದಾಗ ಎರಡು ಲೋಟ ನೀರಿಗೆ ಸ್ವಲ್ಪ ಹುಣಸೆ ರಸ, ಉಪ್ಪು, ಒಂದು ದೊಡ್ಡ ಚಮಚ ಪುಡಿ ಹಾಕಿ ಕುದಿಸಿದರೆ ಆಯಿತು. ಮಧ್ಯದಲ್ಲಿ ಮಗು ಕರೆದರೆ ಒಲೆ ಆರಿಸಿ ಹೋಗಿ. ಬಂದು ಮತ್ತೆ ಹಚ್ಚಿ. ಸಾರು ಏನೂ ಅಂದುಕೊಳ್ಳುವುದಿಲ್ಲ. ಕೊನೆಗೆ ತುಪ್ಪದಲ್ಲಿ ನಾಲ್ಕು ಎಸಳು ಬೆಳ್ಳುಳ್ಳಿ ಕೆಂಪಗೆ ಹುರಿದು ಹಾಕಿ.

ಸದ್ದಿಲ್ಲದ ಹುಗ್ಗಿ

ನಮ್ಮ ಮನೆಯಲ್ಲಿ ವಾರಕ್ಕೆ ಮೂರು ಸಲ ಆಗುವುದು ಖಾರದ ಹುಗ್ಗಿ. ಇದರ ಅರ್ಧ ಕೆಲಸ ಹಿಂದಿನ ರಾತ್ರಿಯದು. ಅರ್ಧ ಲೋಟ ಅಕ್ಕಿ, ಅರ್ಧ ಲೋಟ ಹೆಸರುಬೇಳೆ ಅಳೆದು ಒಂದು ಡಬ್ಬಿಗೆ ಹಾಕಿಡಿ. ಬೇಳೆಯನ್ನು ಮೊದಲೇ ಘಂ ಅನ್ನುವಷ್ಟು ಹುರಿದಿದ್ದರೆ ರುಚಿ ಬೇರೆಯೇ. ಸಬ್ಬಸಿಗೆ ಸೊಪ್ಪು ಬಿಡಿಸಿಡಿ. ಸಬ್ಬಸಿಗೆ ತಿಂದರೆ ಹಾಲು ಹೆಚ್ಚುತ್ತದೆ ಅಂತ ನಮ್ಮಮ್ಮ ದಿನಾ ಹಾಕುತ್ತಿದ್ದರು. ಹೆಚ್ಚಿತೋ ಇಲ್ಲವೋ, ನನಗೆ ಆ ಸೊಪ್ಪಿನ ರುಚಿ ಹತ್ತಿಬಿಟ್ಟಿತು.

ಬೆಳಿಗ್ಗೆ ಅಕ್ಕಿ, ಬೇಳೆ ತೊಳೆದು ಕುಕ್ಕರ್‌ಗೆ ಹಾಕಿ. ಅದೇ ಲೋಟದಲ್ಲಿ ನಾಲ್ಕು ಲೋಟ ನೀರು, ಉಪ್ಪು, ಅರಿಸಿನ, ಜಜ್ಜಿದ ಶುಂಠಿ, ಒಂದು ಚಮಚ ಜೀರಿಗೆ, ಕುಟ್ಟಿದ ಕಾಳುಮೆಣಸು, ಸೊಪ್ಪು, ಒಂದು ಚಮಚ ತುಪ್ಪ. ಒಗ್ಗರಣೆ ಬೇಡ. ಎಲ್ಲಾ ಒಟ್ಟಿಗೆ.

ಈಗ ಮುಖ್ಯ ವಿಷಯ. ಮೂರು ಕೂಗು ಕೂಗಿಸಿದರೆ ಮಗು ಎದ್ದು ನಾಲ್ಕನೇ ಕೂಗು ಅದೇ ಕೂಗುತ್ತದೆ. ಕೂಗದೆಯೂ ಕುಕ್ಕರ್ ಬೇಯಿಸುತ್ತದೆ. ವಿಷಲ್ ಹಾಕಿದ ಮೇಲೆ ಪಕ್ಕದಲ್ಲೇ ನಿಲ್ಲಿ. ಒಳಗೆ ಒತ್ತಡ ತುಂಬಿ ಸುಸ್ಸ್ ಅನ್ನಲು ಶುರುವಾದ ಕೂಡಲೇ ಉರಿ ಪೂರ್ತಿ ಸಣ್ಣ ಮಾಡಿ. ಒತ್ತಡ ಹಾಗೇ ಉಳಿಯುತ್ತದೆ, ಕೂಗು ಬರುವುದಿಲ್ಲ. ಹತ್ತು ನಿಮಿಷ ಬಿಟ್ಟು ಆರಿಸಿ. ಹತ್ತು ನಿಮಿಷದ ಒಳಗೇ ಮಗು ಎದ್ದರೆ? ಏಳು ನಿಮಿಷಕ್ಕೇ ಆರಿಸಿ ಹೋಗಿ. ಒತ್ತಡ ತಾನಾಗಿ ಇಳಿಯುವವರೆಗೂ ಒಳಗೆ ಬೇಯುತ್ತಲೇ ಇರುತ್ತದೆ. ಸ್ವಲ್ಪ ಬಿಡಿಬಿಡಿಯಾಗಿರಬಹುದು, ಅಷ್ಟೆ. ತಿನ್ನುವಾಗ ಬಿಸಿನೀರು ಬೆರೆಸಿ ತುಪ್ಪ ಹಾಕಿಕೊಳ್ಳಿ. ಬೆಳಗಿನದ್ದನ್ನು ಸಂಜೆಯವರೆಗೆ ಕುಕ್ಕರ್‌ನಲ್ಲೇ ಬಿಡಬೇಡಿ, ಆರಿದ ಮೇಲೆ ಫ್ರಿಜ್ಜಿಗೆ ಇಡಿ.

ಸಿಸೇರಿಯನ್ ಆದವರು ನೀರು ತುಂಬಿದ ದೊಡ್ಡ ಕುಕ್ಕರ್ ಎತ್ತಬಾರದು. ಒಂದು 3 ಲೀಟರಿನ ಪುಟ್ಟ ಕುಕ್ಕರ್ ಇಟ್ಟುಕೊಳ್ಳಿ. ಮಗುವನ್ನು ಸೊಂಟದ ಮೇಲೋ ಎದೆಗೆ ಕಟ್ಟಿಕೊಂಡೋ ಒಲೆ ಹತ್ತಿರ ಹೋಗುವುದು ಮಾತ್ರ ಬೇಡವೇ ಬೇಡ.

ರಾತ್ರಿ ಮೂರು ಗಂಟೆಗೆ

ರಾತ್ರಿ ಮೂರಕ್ಕೆ ಹಾಲು ಕುಡಿಸುವಾಗ ಆಗುವ ಹಸಿವು ವಿಚಿತ್ರವಾದದ್ದು. ಒಂದು ಕೈಯಲ್ಲಿ ಮಗು. ಇನ್ನೊಂದು ಕೈಯಲ್ಲಿ ಏನು ತಿನ್ನಬಹುದು? ಉತ್ತರ ಕರ್ನಾಟಕದ ಗೆಳತಿ ಕಳಿಸಿದ ಅಂಟಿನುಂಡೆ ಆಗ ಅರ್ಥವಾಯಿತು. ತುಪ್ಪದಲ್ಲಿ ಅರಳಿಸಿದ ಅಂಟು, ಒಣಕೊಬ್ಬರಿ, ಉತ್ತುತ್ತೆ, ಗಸಗಸೆ, ಬೆಲ್ಲ. ಒಂದೇ ಕೈಯಲ್ಲಿ, ಚೂರೂ ಚೆಲ್ಲದೆ, ಕತ್ತಲಲ್ಲೂ ತಿನ್ನಬಹುದು. ಬಾಣಂತಿಗೆ ಉಂಡೆಯನ್ನೇ ಕಟ್ಟಿದ ಹಿರಿಯರು ಸುಮ್ನೆ ಕಟ್ಟಲಿಲ್ಲ, ಅಲ್ವಾ?

ಉಂಡೆ ಖಾಲಿಯಾದರೆ ರಾಗಿ ಅಂಬಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಎರಡು ದೊಡ್ಡ ಚಮಚ ರಾಗಿ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಎರಡು ಲೋಟ ಕುದಿಯುವ ನೀರಿಗೆ ಸುರಿದು ಆರೇಳು ನಿಮಿಷ ಕೈಯಾಡಿಸಿ. ಉಪ್ಪು ಹಾಕಿ ಬಿಸಿಬಿಸಿಯಾಗಿಯೇ ಫ್ಲಾಸ್ಕಿಗೆ ತುಂಬಿ. ಮಜ್ಜಿಗೆಯನ್ನು ಕುಡಿಯುವಾಗಲೇ ಬೆರೆಸಿ, ಮೊದಲೇ ಬೆರೆಸಿಟ್ಟರೆ ಹುಳಿಯಾಗುತ್ತದೆ.

"ಏನಾದರೂ ಬೇಕಾ?" ಅಂದಾಗ

ಮಗು ನೋಡಲು ಬಂದವರೆಲ್ಲ ಹೊರಡುವಾಗ ಇದನ್ನು ಕೇಳುತ್ತಾರೆ. ನಾನೂ "ಅಯ್ಯೋ ಏನೂ ಬೇಡ" ಅಂತಿದ್ದೆ. ಈಗ ಅನ್ನುವುದಿಲ್ಲ. "ಒಂದು ಹೋಳು ತೆಂಗಿನಕಾಯಿ ತುರಿದು ಕೊಡ್ತೀರಾ?" ಅಂತ ಕೇಳುತ್ತೇನೆ. ಕೇಳಿದ್ದಕ್ಕೆ ಯಾರೂ ಬೇಸರ ಮಾಡಿಕೊಂಡಿಲ್ಲ. ಕೆಲಸ ಮಾತ್ರ ಚಿಕ್ಕದಿರಲಿ, ಹೆಸರಿಟ್ಟು ಹೇಳಿ. "ಸ್ವಲ್ಪ ಸಹಾಯ ಮಾಡಿ" ಅಂದರೆ ಗಂಡಸರಿಗೆ ಗೊತ್ತಾಗುವುದಿಲ್ಲ. "ಈ ಕಟ್ಟು ಸೊಪ್ಪು ಬಿಡಿಸಿ" ಅಂದರೆ ಗೊತ್ತಾಗುತ್ತದೆ.

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೇ ಯಾರು ಏನು ಸಹಾಯ ಮಾಡಿದರು ಅನ್ನುವುದನ್ನೂ ನಾನು ಬರೆಯುತ್ತೇನೆ. "ಅರ್ಧ ಲೀಟರ್. ಆಂಟಿ, ಬೇಳೆ ಸಾರು." "ಒಂದು ಲೀಟರ್. ಅಮ್ಮ ಫೋನಲ್ಲಿ ಜೋಗುಳ ಹಾಡಿದರು." ತಿಂಗಳ ಕೊನೆಗೆ ಹಾಲಿನವರಿಗೆ ದುಡ್ಡು ಕೊಡುವಾಗ ಎಲ್ಲಾ ಕಣ್ಣಿಗೆ ಬೀಳುತ್ತದೆ. ಆದರೆ ಹೀಗೆ ಬರೆದರೆ ಬಾಣಂತಿಯ ಮನಸ್ಸಿನ ಭಾರವೆಲ್ಲ ಇಳಿಯುತ್ತದೆ ಅಂತ ನಾನು ಹೇಳಲಾರೆ. ಎರಡು ವಾರ ದಾಟಿದರೂ ನಿಮ್ಮ ಅಳು ನಿಲ್ಲದಿದ್ದರೆ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸು ಬಾರದಿದ್ದರೆ ಡಾಕ್ಟರಿಗೆ ಹೇಳಿ. 14416 ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಗೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಡಬ್ಬಿ ವಾಪಸ್ ಮಾಡುವ ಕ್ರಮ

ಮೂರು ತಿಂಗಳಲ್ಲಿ ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಬೇರೆಯವರ ಏಳು ಡಬ್ಬಿ ಸೇರಿದ್ದವು. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಶಾಸ್ತ್ರ. ತುಂಬಿ ಕೊಡೋಣ ಅಂದರೆ ಏನಾದರೂ ಮಾಡಲು ಪುರುಸೊತ್ತಿಲ್ಲ. ಕೊಡದೇ ಇಟ್ಟುಕೊಂಡರೆ ನಾಚಿಕೆ. ಅಮ್ಮನಿಗೆ ಫೋನ್ ಮಾಡಿದೆ. "ಒಂದು ಹಿಡಿ ಸಕ್ಕರೆ ಹಾಕಿ ಕೊಡೇ, ಅಷ್ಟಕ್ಕೆ ಯಾಕೆ ತಲೆ ಕೆಡಿಸ್ಕೊಳ್ತೀಯ" ಅಂದರು.

ಹಾಗೇ ಮಾಡಿದೆ. ಒಂದಕ್ಕೆ ಸಕ್ಕರೆ, ಇನ್ನೊಂದಕ್ಕೆ ಕುಂಡದಲ್ಲಿ ಬೆಳೆದ ಕರಿಬೇವು, ಮತ್ತೊಂದಕ್ಕೆ ಎರಡು ನಿಂಬೆಹಣ್ಣು. ಮೇಲಿನ ಮನೆ ಆಂಟಿಯ ಸ್ಟೀಲ್ ಡಬ್ಬಿಗೆ ನಾನೇ ಮಾಡಿದ ಸಾರಿನ ಪುಡಿ ತುಂಬಿ, ಮಗುವನ್ನೂ ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ಆಂಟಿ ಮುಚ್ಚಳ ತೆಗೆದು ಮೂಸಿ ನೋಡಿ, "ಮೆಣಸು ಸ್ವಲ್ಪ ಮುಂದಾಗಿದೆ, ಆದ್ರೂ ಚೆನ್ನಾಗಿದೆ ಕಣಮ್ಮ" ಅಂದರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಅದೇ ಡಬ್ಬಿ ನುಚ್ಚಿನುಂಡೆ ತುಂಬಿಕೊಂಡು ಕೆಳಗೆ ಬಂತು. ಈಗ ಮತ್ತೆ ನಮ್ಮ ಕಟ್ಟೆಯ ಮೇಲೇ ಇದೆ.