ಕಾಲ ಮೊದಲು, ಚಿತ್ರ ಆಮೇಲೆ: ಮಡಿಕೇರಿಯ ಒಬ್ಬ ಆನಿಮೇಟರ್‌ನ ಅನುಭವ

ಮಡಿಕೇರಿಯಲ್ಲಿ ಮನೆಯಲ್ಲೇ ಕುಳಿತು ಸ್ವತಂತ್ರವಾಗಿ ಆನಿಮೇಷನ್ ಮತ್ತು ಮೋಷನ್ ಗ್ರಾಫಿಕ್ಸ್ ಮಾಡುವ ನನಗೆ ಬರುವ ಕೆಲಸಗಳು ಹೆಚ್ಚಾಗಿ ಚಿಕ್ಕವು. ಕಾಫಿ ಪುಡಿ ಮಾರುವವರಿಗೆ ಅರ್ಧ ನಿಮಿಷದ ಜಾಹೀರಾತು, ಹೋಂಸ್ಟೇಗಳಿಗೆ ಚಲಿಸುವ ಲೋಗೋ, ಸಾಕ್ಷ್ಯಚಿತ್ರಗಳಿಗೆ ಶೀರ್ಷಿಕೆ, ಹಬ್ಬದ ಹೊತ್ತಿಗೆ ಮೊಬೈಲಿನಲ್ಲಿ ಹಂಚಿಕೊಳ್ಳುವ ಶುಭಾಶಯ. ಇವುಗಳಲ್ಲಿ ಯಾವುದನ್ನು ಕೈಗೆತ್ತಿಕೊಂಡರೂ ನಾನು ಚಿತ್ರ ಬರೆಯುವುದರಿಂದ ಆರಂಭಿಸುವುದಿಲ್ಲ. ಮೊದಲು ಧ್ವನಿಯನ್ನು ತರಿಸಿಕೊಂಡು, ಸಾಫ್ಟ್‌ವೇರ್‌ನಲ್ಲಿ ಕಾಲವನ್ನು ಉದ್ದಕ್ಕೆ ತೋರಿಸುವ ಪಟ್ಟಿಯಾದ ಟೈಮ್‌ಲೈನ್‌ನಲ್ಲಿ ಹಾಸುತ್ತೇನೆ. ಪಾತ್ರ, ಅಕ್ಷರ, ಹಿನ್ನೆಲೆ ಎಲ್ಲದರ ಜಾಗದಲ್ಲೂ ಬೂದು ಬಣ್ಣದ ಚೌಕಗಳನ್ನು ಇಟ್ಟು, ಯಾವುದು ಯಾವಾಗ ಹೊರಡಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಮಾತ್ರ ತೀರ್ಮಾನಿಸುತ್ತೇನೆ. ಹಣ ಕೊಡುವವರಿಗೆ ಈ ಚೌಕಗಳನ್ನು ನೋಡಿ ಸಂತೋಷವಾಗುವುದಿಲ್ಲ, ನಿಜ. ಆದರೂ ಅವರ ಒಪ್ಪಿಗೆಯನ್ನು ಈ ಹಂತದಲ್ಲೇ ಪಡೆಯಬೇಕೆಂಬುದು ನನ್ನ ಹಟ, ಏಕೆಂದರೆ ಬಣ್ಣ ತುಂಬಿದ ಮೇಲೆ ಬಣ್ಣದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ವೇಗದ ಬಗ್ಗೆ ಯಾರೂ ಮಾತಾಡುವುದಿಲ್ಲ.

ಕೊಡವ ಹೆಂಗಸರು ಕೈಯಲ್ಲಿ ಕಂಚಿನ ತಾಳ ಹಿಡಿದು ಆಡುವ ನೃತ್ಯವಾದ ಉಮ್ಮತ್ತಾಟ್‌ನ ಒಂದು ಸಣ್ಣ ತುಣುಕನ್ನು ಕೈಯಿಂದ ಬರೆದು ಚಲಿಸುವಂತೆ ಮಾಡಬೇಕಾಗಿ ಬಂದಾಗ ಈ ಕ್ರಮದ ಬೆಲೆ ಚೆನ್ನಾಗಿ ಗೊತ್ತಾಯಿತು. ಧ್ವನಿಮುದ್ರಣದಲ್ಲಿ ತಾಳದ ಪೆಟ್ಟುಗಳು ನಿಮಿಷಕ್ಕೆ ಸುಮಾರು 100ರ ವೇಗದಲ್ಲಿದ್ದವು, ಅಂದರೆ ಪೆಟ್ಟಿನಿಂದ ಪೆಟ್ಟಿಗೆ 0.6 ಸೆಕೆಂಡ್. ಸಿನಿಮಾದ ರೂಢಿಯಂತೆ ಸೆಕೆಂಡಿಗೆ 24 ಫ್ರೇಮ್, ಅಂದರೆ ಪರದೆಯ ಮೇಲೆ ಒಂದರ ಹಿಂದೊಂದು ಬರುವ 24 ಸ್ಥಿರ ಬಿಂಬ, ಇಟ್ಟುಕೊಂಡರೆ ಒಂದು ಪೆಟ್ಟಿಗೆ 14.4 ಫ್ರೇಮ್ ಬರುತ್ತದೆ. ಆ ಭಿನ್ನಾಂಶವನ್ನು ಎಲ್ಲಿ ಬಚ್ಚಿಟ್ಟರೂ ನಾಲ್ಕಾರು ಪೆಟ್ಟುಗಳಲ್ಲಿ ಹೆಜ್ಜೆ ಜಾರುತ್ತದೆ. ನಮ್ಮ ಟಿ.ವಿ.ಯ ಲೆಕ್ಕವಾದ 25ಕ್ಕೆ ಬದಲಾಯಿಸಿದರೆ ಸರಿಯಾಗಿ 15 ಫ್ರೇಮ್. ಈ 15 ಎರಡರಿಂದ ಭಾಗವಾಗದ ಕಾರಣ, ಎರಡು ಫ್ರೇಮ್‌ಗೊಂದು ಚಿತ್ರವೆಂಬ ವಾಡಿಕೆಯನ್ನು ಬಿಟ್ಟು ಮೂರು ಫ್ರೇಮ್‌ಗೊಂದು ಚಿತ್ರ ಬರೆದೆ. ಪೆಟ್ಟಿಗೆ ಐದು ಚಿತ್ರ. ಸಂಖ್ಯೆ ಕಡಿಮೆಯಾದರೂ ತಾಳಗಳು ಒಂದಕ್ಕೊಂದು ತಾಗುವ ಚಿತ್ರವು ಪ್ರತಿ ಪೆಟ್ಟಿಗೂ ತಪ್ಪದೆ ಸಿಗುವುದರಿಂದ ನೃತ್ಯ ಗಟ್ಟಿಯಾಗಿ ಕಾಣುತ್ತದೆ. ಕೊಡವ ಸೀರೆಯ ನೆರಿಗೆ ಹಿಂದೆ ಇರುತ್ತದೆಯಲ್ಲ, ದೇಹ ತಿರುಗಿ ನಿಂತ ಮೇಲೂ ಅದನ್ನು ಇನ್ನೆರಡು ಚಿತ್ರಗಳಷ್ಟು ಹೊತ್ತು ತೂಗಲು ಬಿಟ್ಟೆ. ಬಟ್ಟೆಗೆ ಭಾರ ಬಂದದ್ದು ಅದರಿಂದಲೇ. ಮನುಷ್ಯರ ಹಾಡು ಯಂತ್ರದಂತೆ ಸಮವಾಗಿರುವುದಿಲ್ಲವಾದ್ದರಿಂದ ಲೆಕ್ಕವನ್ನಷ್ಟೇ ನಂಬದೆ, ಹಾಡು ಕೇಳುತ್ತಲೇ ಕೀಬೋರ್ಡ್ ಒತ್ತಿ ಪ್ರತಿ ಪೆಟ್ಟಿಗೂ ಗುರುತು ಹಾಕಿಕೊಂಡು, ಚಿತ್ರವನ್ನು ಆ ಗುರುತಿಗಿಂತ ಒಂದು ಫ್ರೇಮ್ ಮುಂಚೆ ಕೂರಿಸುತ್ತೇನೆ. ಸದ್ದಿಗಿಂತ ಕೂದಲೆಳೆಯಷ್ಟು ಮೊದಲು ಕಂಡ ಹೊಡೆತವನ್ನು ಕಣ್ಣು ಸಹಜವೆಂದೇ ಒಪ್ಪಿಕೊಳ್ಳುತ್ತದೆ, ತಡವಾದದ್ದನ್ನು ಒಪ್ಪುವುದಿಲ್ಲ.

ಒಂದು ಜಾಹೀರಾತಿಗಾಗಿ ಮಾಡಿದ ಕಾಫಿ ಹೂವಿನ ಪ್ರಯೋಗದಲ್ಲಿ ತಾಳವಿರಲಿಲ್ಲ, ಗಿಡದ ಕಾಲವೇ ಅಳತೆಯಾಗಿತ್ತು. ರೋಬಸ್ಟಾ ಗಿಡದ ಮೊಗ್ಗು ಬೇಸಿಗೆಯ ಮೊದಲ ಹೂಮಳೆ ಬೀಳುವವರೆಗೂ ಹಸಿರಾಗಿ ಮುದುಡಿಕೊಂಡಿರುತ್ತದೆ. ಮಳೆಯಾದ ವಾರ ಹತ್ತು ದಿನಗಳಲ್ಲಿ ನಿಧಾನವಾಗಿ ಉಬ್ಬಿ, ಕೊನೆಗೆ ಮೇಣದ ಬತ್ತಿಯಂತೆ ಬೆಳ್ಳಗೆ ನೀಳವಾಗಿ, ಒಂದು ಬೆಳಿಗ್ಗೆ ಇಡೀ ತೋಟವೇ ಒಟ್ಟಿಗೆ ಅರಳಿಬಿಡುತ್ತದೆ. ಜಾಹೀರಾತುಗಳಲ್ಲಿ ಹೂ ಅರಳುವುದನ್ನು ಆರಂಭದಿಂದ ಅಂತ್ಯದವರೆಗೆ ಒಂದೇ ನಯವಾದ ವೇಗದಲ್ಲಿ ತೋರಿಸುವುದು ರೂಢಿ. ಗುಲಾಬಿಗೂ ಅದೇ, ಕಮಲಕ್ಕೂ ಅದೇ. ನಾನು ನಾಲ್ಕು ಸೆಕೆಂಡಿನ ನೂರು ಫ್ರೇಮ್‌ಗಳಲ್ಲಿ ಮೊದಲ ಎಪ್ಪತ್ತನ್ನು ಮೊಗ್ಗಿನ ಅತಿ ಸಣ್ಣ ಉಬ್ಬುವಿಕೆಗೆ ಬಿಟ್ಟು, ಮುಂದಿನ ಇಪ್ಪತ್ತರಲ್ಲಿ ಗೊಂಚಲುಗಳೆಲ್ಲವೂ ಬಿಚ್ಚಿಕೊಳ್ಳುವಂತೆ ಮಾಡಿ, ಉಳಿದ ಹತ್ತನ್ನು ಎಸಳು ನೆಲೆಗೊಳ್ಳಲು ಇಟ್ಟೆ. ಚಲನೆಯನ್ನು ಗೆರೆಯಾಗಿ ತೋರಿಸುವ ಗ್ರಾಫ್ ಎಡಿಟರ್‌ನಲ್ಲಿ ಇದರ ಗೆರೆ ಬಹುದೂರ ನೆಲಕ್ಕೆ ಅಂಟಿಕೊಂಡು ಸಾಗಿ ಥಟ್ಟನೆ ಮೇಲೇರುತ್ತದೆ. ಜಾಹೀರಾತು ಕೊಟ್ಟವರು ವಿಡಿಯೊ ಸಿಕ್ಕಿಹಾಕಿಕೊಂಡಿದೆಯೆಂದು ಭಾವಿಸಿದರು. ಅವರ ತಂದೆ, ಜೀವನವಿಡೀ ತೋಟ ನೋಡಿಕೊಂಡವರು, ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿ, “ಸರಿಯಾಗೇ ಇದೆಯಲ್ಲಪ್ಪಾ, ಹೂ ಬರೋದೇ ಹೀಗೆ. ಅಲ್ಲೀವರೆಗೆ ನಾವು ಕಾಯ್ತಾ ಕೂತಿರ್ತೀವಿ” ಎಂದರು. ಅದು ಹಾಗೆಯೇ ಉಳಿಯಿತು.

ಹಾಗೆ ಕಾಯಿಸುವ ಧೈರ್ಯವನ್ನು ನಾನು ಭಾಗಶಃ ಮಡಿಕೇರಿ ದಸರಾದ ದಶಮಂಟಪಗಳಿಂದ ಕಲಿತೆ. ವಿಜಯದಶಮಿಯ ರಾತ್ರಿ ಹತ್ತು ದೇವಾಲಯಗಳ ಮಂಟಪಗಳಲ್ಲಿ ಚಲಿಸುವ ಮೂರ್ತಿಗಳು ಪುರಾಣದ ಕಥೆ ಹೇಳುತ್ತವೆ. ಜನಜಂಗುಳಿಯ ನಡುವೆ ದೂರದಿಂದ ನೋಡುವವನಿಗೆ ಕಥೆ ತಿಳಿಯಬೇಕಾದರೆ ಅಸುರನ ಕೈ ಎದ್ದು ನಿಂತ ಮೇಲೆಯೇ ದೇವಿಯ ತ್ರಿಶೂಲ ಹೊರಡಬೇಕು. ಎಲ್ಲವೂ ಒಟ್ಟಿಗೆ ಅಲ್ಲಾಡಿದರೆ ಗದ್ದಲ ಮಾತ್ರ ಕಾಣುತ್ತದೆ. ಅಂಗೈಯಗಲದ ಮೊಬೈಲ್ ಪರದೆಗೂ ಈ ನಿಯಮ ಅಷ್ಟೇ ಸಲ್ಲುತ್ತದೆ.

ಮಳೆಯ ವಿಷಯಕ್ಕೆ ಬಂದರೆ, ಸಾಫ್ಟ್‌ವೇರ್‌ಗಳ ಜೊತೆಗೆ ಸಿಗುವ ಸಿದ್ಧ ಮಳೆ ನಮ್ಮ ಮಳೆಯಲ್ಲ. ಅದರಲ್ಲಿ ಎಲ್ಲ ಹನಿಗಳೂ ಒಂದೇ ಉದ್ದದ ಗೆರೆಗಳಾಗಿ ಒಂದೇ ಓರೆಯಲ್ಲಿ ಬೀಳುತ್ತವೆ. ಎರಡು ಮಿಲಿಮೀಟರ್ ಅಗಲದ ಹನಿ ಸೆಕೆಂಡಿಗೆ ಸುಮಾರು ಆರೂವರೆ ಮೀಟರ್ ವೇಗದಲ್ಲಿ ಇಳಿದರೆ, ಅರ್ಧ ಮಿಲಿಮೀಟರಿನ ತುಂತುರು ಹನಿಯ ವೇಗ ಎರಡು ಮೀಟರ್ ಮಾತ್ರ. ಸೆಕೆಂಡಿಗೆ 25 ಫ್ರೇಮ್ ಇದ್ದು ಶಟರ್ ಪ್ರತಿ ಫ್ರೇಮ್‌ನ ಅರ್ಧ ಕಾಲ ತೆರೆದಿರುವ ಕ್ಯಾಮೆರಾದಲ್ಲಿ, ಅಂದರೆ ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ, ದೊಡ್ಡ ಹನಿ 13 ಸೆಂಟಿಮೀಟರಿನ ಗೆರೆಯಾಗಿಯೂ ತುಂತುರು 4 ಸೆಂಟಿಮೀಟರಿನ ಚುಕ್ಕೆಗೀಟಾಗಿಯೂ ಮೂಡುತ್ತದೆ. ಗಾಳಿ ಸೇರಿದಾಗ ವಿಷಯ ಇನ್ನೂ ಸ್ವಾರಸ್ಯಕರ. ಸೆಕೆಂಡಿಗೆ ಐದು ಮೀಟರ್ ವೇಗದ ಗಾಳಿಯಲ್ಲಿ ದೊಡ್ಡ ಹನಿ ಲಂಬರೇಖೆಯಿಂದ ಸುಮಾರು 38 ಡಿಗ್ರಿ ವಾಲಿದರೆ, ಅದೇ ಗಾಳಿಗೆ ತುಂತುರು 68 ಡಿಗ್ರಿ ವಾಲಿ ಹೆಚ್ಚುಕಡಿಮೆ ಅಡ್ಡಡ್ಡವಾಗಿ ಹಾರುತ್ತದೆ. ಕೊಡೆ ಹಿಡಿದರೂ ಮೊಣಕಾಲಿನಿಂದ ಸೊಂಟದವರೆಗೆ ಒದ್ದೆಯಾಗುವುದೇಕೆಂದು ಜುಲೈನಲ್ಲಿ ಮಡಿಕೇರಿ ಪೇಟೆಗೆ ನಡೆದು ಹೋದವರಿಗೆ ವಿವರಿಸಬೇಕಾಗಿಲ್ಲ. ಹಾಗಾಗಿ ನನ್ನ ಮಳೆಗೆ ಕನಿಷ್ಠ ಮೂರು ಲೇಯರ್ (ಪದರ): ಉದ್ದನೆಯ, ಕಡಿಮೆ ಓರೆಯ ಹನಿಗಳು ವಿರಳವಾಗಿ, ಮಧ್ಯಮ ಹನಿಗಳು, ಎಲ್ಲಕ್ಕಿಂತ ದಟ್ಟವಾಗಿ ಅಡ್ಡಕ್ಕೆ ತೇಲುವ ತುಂತುರು. ಗಾಳಿಯ ವೇಗವೊಂದನ್ನೇ ಬದಲಾಯಿಸಿದರೆ ಮೂರೂ ಲೇಯರ್‌ಗಳು ತಮ್ಮ ತಮ್ಮ ಕೋನಕ್ಕೆ ತಾವೇ ಹೊರಳುವಂತೆ ಒಂದು ಸಣ್ಣ ಸೂತ್ರ ಬರೆದಿಟ್ಟುಕೊಂಡಿದ್ದೇನೆ. ಗಾಳಿ ಬೀಸಿ ನಿಲ್ಲುವ ಲಯ ಸಿಕ್ಕಿದರೆ ಮಳೆಗೆ ಬಣ್ಣವೇ ಬೇಡ.

ಮಂಜು ಇದಕ್ಕಿಂತ ತರಲೆ. ಬಿಳಿಯಿಂದ ಬೂದಿಗೆ ನವಿರಾಗಿ ಇಳಿಯುವ ಬಣ್ಣ ಕಂಪ್ಯೂಟರಿನಲ್ಲಿ ಸುಂದರವಾಗಿ ಕಂಡು, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೊಡನೆ ಪಟ್ಟೆ ಪಟ್ಟೆಯಾಗುತ್ತದೆ. ಎಂಟು ಬಿಟ್‌ನ ವಿಡಿಯೊದಲ್ಲಿ ಪ್ರತಿ ಬಣ್ಣಕ್ಕೂ ಇರುವುದು 256 ಮೆಟ್ಟಿಲು. ಮಂಜು ಅವುಗಳಲ್ಲಿ ಮೂವತ್ತನ್ನಷ್ಟೇ ಬಳಸುತ್ತದೆಂದರೆ 1080 ಪಿಕ್ಸೆಲ್ ಎತ್ತರದಲ್ಲಿ ಒಂದೊಂದು ಪಟ್ಟೆಯೂ 36 ಪಿಕ್ಸೆಲ್ ದಪ್ಪವಾಗುತ್ತದೆ. ಹದಿನಾರು ಬಿಟ್‌ನಲ್ಲಿ ಕೆಲಸ ಮಾಡಿ ಕೊನೆಗೆ ಮರಳಿನಂಥ ಸಣ್ಣ ಚುಕ್ಕೆಗಳ ಗ್ರೇನ್ ಬೆರೆಸುವುದು ಪುಸ್ತಕದ ಪರಿಹಾರ, ಆದರೆ ಪ್ರತಿ ಫ್ರೇಮ್‌ನಲ್ಲೂ ಬದಲಾಗುವ ಗ್ರೇನನ್ನು ಕಂಪ್ರೆಷನ್, ಅಂದರೆ ಕಡತವನ್ನು ಹಗುರ ಮಾಡುವ ಕ್ರಿಯೆ, ಮೊದಲು ನುಂಗಿಹಾಕುತ್ತದೆ. ನಾನು ಮಂಜನ್ನು ಒಂದೇ ಇಳಿಜಾರು ಬಣ್ಣವಾಗಿ ಬಳಿಯುವುದನ್ನು ಬಿಟ್ಟು, ಒರಟು ಕಾಗದದ ಮೇಲೆ ಜಲವರ್ಣದಲ್ಲಿ ಬರೆದು ಸ್ಕ್ಯಾನ್ ಮಾಡಿದ ಹಾಳೆಗಳನ್ನು ಒಂದರ ಹಿಂದೊಂದು ಇಟ್ಟು ಬೇರೆ ಬೇರೆ ವೇಗದಲ್ಲಿ ಸರಿಸುತ್ತೇನೆ. ಹಾಳೆಯ ಮೇಲಿನ ಒರಟುತನ ಹಾಳೆಯೊಂದಿಗೇ ಸರಿಯುವುದರಿಂದ ಕಂಪ್ರೆಷನ್‌ಗೂ ಅದನ್ನು ಹಿಂಬಾಲಿಸುವುದು ಸುಲಭ, ಪಟ್ಟೆಗಳೂ ಕಾಣುವುದಿಲ್ಲ.

ಕನ್ನಡ ಅಕ್ಷರಗಳ ಚಲನೆಯಲ್ಲಿ ಸಾಫ್ಟ್‌ವೇರ್‌ನ ನೆರವು ಕಡಿಮೆ. ಒಂದೊಂದೇ ಅಕ್ಷರವನ್ನು ಹಾರಿಸಿ ತರುವ ಸಿದ್ಧ ಪರಿಣಾಮಗಳು ಇಂಗ್ಲಿಷ್ ಲಿಪಿಯನ್ನು ನೆನೆದು ಮಾಡಿದವು. ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ಶುಭಾಶಯಕ್ಕೆ ಅವನ್ನು ಹಚ್ಚಿದರೆ ಎಷ್ಟೋ ಸಲ ಒತ್ತು ಒಂದು ಕಡೆ, ಮೂಲಾಕ್ಷರ ಇನ್ನೊಂದು ಕಡೆ ಹೋಗಿ, ನಡುದಾರಿಯಲ್ಲಿ ಯಾವ ಭಾಷೆಯಲ್ಲೂ ಇಲ್ಲದ ಆಕೃತಿ ಕಾಣುತ್ತದೆ. ಅದಕ್ಕೆ ಪದವನ್ನು ಮೊದಲೇ ಆಕೃತಿಗಳಾಗಿ ಮಾರ್ಪಡಿಸಿ, ಹು, ತ್ತ, ರಿ ಎಂದು ಕೈಯಾರೆ ಗುಂಪು ಮಾಡಿಕೊಳ್ಳುತ್ತೇನೆ. ಬರೆದಂತೆ ಮೂಡಿಸಬೇಕಾದರೆ ಫಾಂಟ್‌ನ ಹೊರಗೆರೆ ಉಪಯೋಗಕ್ಕೆ ಬಾರದು. ಅಕ್ಷರದ ಹೊಟ್ಟೆಯಲ್ಲಿ ಲೇಖನಿ ಸಾಗುವ ದಾರಿಯನ್ನು ನಾನೇ ಎಳೆದು, ಆ ಗೆರೆ ಬೆಳೆದಂತೆ ಅಕ್ಷರ ತೆರೆದುಕೊಳ್ಳುವಂತೆ ಮುಸುಕು ಹಾಕುತ್ತೇನೆ. ಮೊದಲು ಮೂಲಾಕ್ಷರ, ಆಮೇಲೆ ಕೊಂಬು, ಕೊನೆಗೆ ಒತ್ತು. ತಿರುವುಗಳಲ್ಲಿ ಗೆರೆಯ ವೇಗ ತಗ್ಗಿ ನೇರ ಭಾಗದಲ್ಲಿ ಹೆಚ್ಚಬೇಕು. ಸಮ ವೇಗದಲ್ಲಿ ಬಿಟ್ಟರೆ ಕನ್ನಡದ ದುಂಡು ಅಕ್ಷರಗಳು ಯಂತ್ರ ಕೊರೆದಂತೆ ಕಾಣುತ್ತವೆ.

ಇನ್ನು ರೆಂಡರ್, ಅಂದರೆ ಮಾಡಿದ ಕೆಲಸವನ್ನು ಕಂಪ್ಯೂಟರ್ ಅಂತಿಮ ಚಿತ್ರಗಳಾಗಿ ಹೊರತೆಗೆಯುವ ಹಂತ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವುದು ಇಲ್ಲಿ ಸುದ್ದಿಯೇ ಅಲ್ಲ, ಯು.ಪಿ.ಎಸ್. ಎಳೆಯುವುದು ಕಂಪ್ಯೂಟರನ್ನು ಸರಿಯಾಗಿ ಮುಚ್ಚುವಷ್ಟು ಹೊತ್ತು. ಅದರಿಂದ ಯಾವ ಕೆಲಸವನ್ನೂ ನೇರವಾಗಿ ವಿಡಿಯೊ ಕಡತವಾಗಿ ರೆಂಡರ್ ಮಾಡದೆ ಪಿ.ಎನ್.ಜಿ. ಚಿತ್ರಗಳ ಸರಣಿಯಾಗಿ ತೆಗೆಯುತ್ತೇನೆ. ಕರೆಂಟು 412ನೇ ಫ್ರೇಮ್‌ನಲ್ಲಿ ಹೋದರೆ, ಅರ್ಧಕ್ಕೆ ನಿಂತ ಆ ಒಂದು ಚಿತ್ರವನ್ನು ಅಳಿಸಿ ಅಲ್ಲಿಂದಲೇ ಮುಂದುವರಿಸಬಹುದು. ಎಲ್ಲ ಬಂದ ಮೇಲೆ ಧ್ವನಿ ಸೇರಿಸಿ ಎರಡು ಪ್ರತಿ ಮಾಡುತ್ತೇನೆ: ನೆಟ್‌ವರ್ಕ್ ಸಿಕ್ಕ ಕೂಡಲೇ ಹೋಗುವ ಹಗುರ ಪ್ರತಿಯೊಂದು, ಬಾಕಿ ಹಣ ಬಂದ ಮೇಲೆ ಹೋಗುವ ಪೂರ್ಣ ಗುಣಮಟ್ಟದ್ದೊಂದು.